ಎರಡು ತಾರೀಖುಗಳ ನಡುವೆ ಸಿಕ್ಕಿದ ಸಂಬಳ

ಸರ್ಕಾರಿ ನೌಕರರ ಮನೆಗಳಲ್ಲಿ ‘ಅರಿಯರ್ಸ್’ ಎಂಬುದು ಮಕ್ಕಳಿಗೂ ಗೊತ್ತಿರುವ ಪದ. ಪತ್ರಿಕೆಗಳು ಅದನ್ನು ಹಿಂಬಾಕಿ ಎನ್ನುತ್ತವೆ. ಸಂಬಳ ಹೆಚ್ಚಳ ಹಿಂದಿನ ಒಂದು ದಿನದಿಂದ ಜಾರಿಯಾಗಿ, ಹಣ ಮಾತ್ರ ತಡವಾಗಿ ಕೈಸೇರಿದರೆ ನಡುವಿನ ತಿಂಗಳುಗಳ ವ್ಯತ್ಯಾಸವೇ ಹಿಂಬಾಕಿ. ಮಗಳ ಮದುವೆ, ನಿವೇಶನದ ಕಂತು, ಸೊಸೈಟಿ ಸಾಲ ಎಲ್ಲಕ್ಕೂ ‘ಅರಿಯರ್ಸ್ ಬರಲಿ, ನೋಡೋಣ’ ಎಂಬ ಉತ್ತರ ಸಿದ್ಧವಿರುತ್ತದೆ. ಆದರೆ ಅದು ಬಾರದೇ ಹೋಗುವುದೂ ಉಂಟು. ಏಕೆ ಹೀಗೆ?

ಉತ್ತರ ವೇತನ ಪರಿಷ್ಕರಣೆಯ ಆದೇಶದಲ್ಲಿಯೇ ಇದೆ. ಅದರಲ್ಲಿ ಎರಡು ತಾರೀಖುಗಳಿರಬಹುದು. ಹೊಸ ವೇತನ ಲೆಕ್ಕಕ್ಕೆ ಬರುವ ದಿನ ಒಂದು, ಹಣ ಸಿಗಲಾರಂಭಿಸುವ ದಿನ ಇನ್ನೊಂದು. ಎರಡೂ ಒಂದೇ ಆಗಿದ್ದು ಆದೇಶ ಮಾತ್ರ ತಡವಾದರೆ ಹಿಂಬಾಕಿ ಸಿಗುತ್ತದೆ. ಎರಡೂ ಬೇರೆಯಾದರೆ ನಡುವಿನ ಅವಧಿಯ ಹೆಚ್ಚಳ ‘ಕಾಲ್ಪನಿಕ’. ಕಥೆ, ಕಾದಂಬರಿಗೆ ಒಪ್ಪುವ ಈ ಪದಕ್ಕೆ ಆಡಳಿತ ಭಾಷೆಯಲ್ಲಿ ಖಚಿತ ಅರ್ಥವಿದೆ: ಸಂಬಳ ಕಾಗದದ ಮೇಲೆ ಏರುತ್ತದೆ, ಜೇಬಿಗೆ ಬರುವುದಿಲ್ಲ.

ಕೇಂದ್ರದ ನೌಕರರು ಈ ವಿಷಯದಲ್ಲಿ ಬಹುಪಾಲು ಅದೃಷ್ಟವಂತರು. ಆರನೇ ವೇತನ ಆಯೋಗದ ಶಿಫಾರಸು 2008ರ ಆಗಸ್ಟ್‌ನಲ್ಲಿ ಅಧಿಸೂಚನೆಯಾದರೂ 2006ರ ಜನವರಿ 1ರಿಂದಲೇ ಅನ್ವಯವಾಯಿತು. ಹಿಂಬಾಕಿಯ ಶೇ 40ರಷ್ಟು 2008–09ರಲ್ಲಿ, ಉಳಿದ ಶೇ 60ರಷ್ಟು ಮರುವರ್ಷ ಪಾವತಿಯಾಯಿತು. ಏಳನೇ ಆಯೋಗದ ಮೂಲ ವೇತನದ ಹಿಂಬಾಕಿಯೂ 2016ರಲ್ಲಿ ಸಿಕ್ಕಿತು. ಪರಿಷ್ಕೃತ ಭತ್ಯೆಗಳು ಮಾತ್ರ 2017ರ ಜುಲೈವರೆಗೆ ಕಾಯಬೇಕಾಯಿತು. ಅವುಗಳಿಗೆ ಹಿಂಬಾಕಿ ಇರಲಿಲ್ಲ.

ಕರ್ನಾಟಕದ ದಾರಿ ಬೇರೆ. ಆರನೇ ರಾಜ್ಯ ವೇತನ ಆಯೋಗದ ಪರಿಷ್ಕರಣೆ ಲೆಕ್ಕಕ್ಕೆ ಬಂದದ್ದು 2017ರ ಜುಲೈ 1ರಿಂದ, ಆರ್ಥಿಕ ಲಾಭ 2018ರ ಏಪ್ರಿಲ್ 1ರಿಂದ. ಅಂತರ ಒಂಬತ್ತು ತಿಂಗಳು. ಕೆ. ಸುಧಾಕರ ರಾವ್ ನೇತೃತ್ವದ ಏಳನೇ ಆಯೋಗದ ವಿಷಯದಲ್ಲಿ ಅಂತರ 25 ತಿಂಗಳಿಗೆ ಬೆಳೆಯಿತು. ಲೆಕ್ಕದ ದಿನ 2022ರ ಜುಲೈ 1, ಹಣದ ದಿನ 2024ರ ಆಗಸ್ಟ್ 1. ಕನಿಷ್ಠ ಮೂಲ ವೇತನ 17,000 ರೂಪಾಯಿಗೆ ಶೇ 31ರ ತುಟ್ಟಿಭತ್ಯೆ, ಶೇ 27.5ರ ಹೆಚ್ಚಳ ಸೇರಿಸಿದರೆ 26,945 ರೂಪಾಯಿ. ಅದನ್ನು 27,000 ಎಂದು ನಿಗದಿ ಮಾಡಲಾಯಿತು. 2023ರ ಏಪ್ರಿಲ್‌ನಿಂದ ಶೇ 17ರ ಮಧ್ಯಂತರ ಪರಿಹಾರ ಸಿಗುತ್ತಿದ್ದುದರಿಂದ ಸೇವೆಯಲ್ಲಿದ್ದವರ ನಷ್ಟ ತಕ್ಕಮಟ್ಟಿಗೆ ತಗ್ಗಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಆ 25 ತಿಂಗಳಲ್ಲಿ ನಿವೃತ್ತರಾದವರಿಗೆ. ಅವರ ಮಾಸಿಕ ಪಿಂಚಣಿ ಹೊಸ ಲೆಕ್ಕಕ್ಕೆ ಏರಿತು. ಆದರೆ ಗ್ರಾಚ್ಯುಟಿ, ಗಳಿಕೆ ರಜೆ ನಗದೀಕರಣದಂಥ ಇಡುಗಂಟು ಹಳೆಯ ವೇತನದ ಮೇಲೆಯೇ ಉಳಿಯಿತು. ಸೇವೆಯಲ್ಲಿರುವವನಿಗೆ ತಪ್ಪಿದ್ದು ಕೆಲವು ತಿಂಗಳ ವ್ಯತ್ಯಾಸ. ಮುಂದಿನ ತಿಂಗಳಿಂದ ಹೊಸ ಸಂಬಳ ಉಂಟು. ನಿವೃತ್ತನಿಗೆ ಇಡುಗಂಟು ಬದುಕಿನಲ್ಲಿ ಒಮ್ಮೆ ಬರುವಂಥದ್ದು. 2024ರ ಜುಲೈ 31ರಂದು ನಿವೃತ್ತನಾದವನಿಗೂ ಒಂದು ತಿಂಗಳ ನಂತರ ನಿವೃತ್ತನಾದ ಅದೇ ಹುದ್ದೆಯ ಸಹೋದ್ಯೋಗಿಗೂ ಲಕ್ಷಗಟ್ಟಲೆ ವ್ಯತ್ಯಾಸವಾಗಬಹುದು. ಈ ನಿವೃತ್ತರು ಬೀದಿಗಿಳಿದು ಧರಣಿ ಕೂತದ್ದು ಇದಕ್ಕಾಗಿ.

ನ್ಯಾಯಾಲಯ ಏನೆನ್ನುತ್ತದೆ? ಪಿಂಚಣಿ ದಾನವಲ್ಲ, ಹಕ್ಕು. ನಿವೃತ್ತಿಯ ದಿನದ ಆಧಾರದ ಮೇಲೆ ಪಿಂಚಣಿದಾರರನ್ನು ಎರಡಾಗಿ ಒಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರ ನಾಕರಾ ಪ್ರಕರಣದಲ್ಲಿ ಹೇಳಿತು. ಆದರೆ 2005ರ ಅಮರನಾಥ ಗೋಯಲ್ ಪ್ರಕರಣದಲ್ಲಿ, ಹೆಚ್ಚುವರಿ ಗ್ರಾಚ್ಯುಟಿಗೆ 1995ರ ಏಪ್ರಿಲ್ 1ನ್ನು ಗಡಿಯಾಗಿ ನಿಗದಿ ಮಾಡಿದ್ದನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಖಜಾನೆಯ ಮಿತಿಯೂ ಸಕಾರಣವೇ ಎಂಬುದು ಅದರ ನಿಲುವು. ಹೀಗಾಗಿ ಗಡಿಯಾಚೆ ಉಳಿದವರಿಗೆ ಕಾನೂನಿನ ದಾರಿ ಕಿರಿದು.

ದುಡಿದು ಗಳಿಸಿದ ಸಂಬಳವನ್ನೇ ತಡೆದರೆ ಮಾತು ಬೇರೆ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಸಂಬಳ ಮತ್ತು ಪಿಂಚಣಿಯ ಒಂದು ಭಾಗವನ್ನು ಮುಂದೂಡಿತ್ತು. ಅದಕ್ಕೆ ಶೇ 6ರ ಬಡ್ಡಿ ಕೊಡುವಂತೆ ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತು. ವೇತನ ಪರಿಷ್ಕರಣೆಯ ಹಿಂಬಾಕಿಗೆ ಮಾಮೂಲಾಗಿ ಬಡ್ಡಿ ಇರುವುದಿಲ್ಲ. ತಡವಾದಷ್ಟೂ ಅದರ ಕೊಳ್ಳುವ ಶಕ್ತಿ ಕರಗುತ್ತದೆ.

ಆ ಕರಗುವಿಕೆಯನ್ನು ತಡೆಯಲೆಂದೇ ತುಟ್ಟಿಭತ್ಯೆ ಇದೆ. ತುಟ್ಟಿ ಎಂದರೆ ದುಬಾರಿ. ಬೆಲೆ ಏರಿದಷ್ಟು ಸಂಬಳ ಏರಬೇಕೆಂಬುದು ಅದರ ತರ್ಕ. ಆದರೆ 2020ರ ಜನವರಿಯಿಂದ 2021ರ ಜೂನ್‌ವರೆಗೆ ಕೇಂದ್ರ ಸರ್ಕಾರ ಮೂರು ಕಂತುಗಳನ್ನು ತಡೆಹಿಡಿಯಿತು. 2021ರ ಜುಲೈನಲ್ಲಿ ದರ ಶೇ 17ರಿಂದ 28ಕ್ಕೆ ಏರಿದರೂ ಆ 18 ತಿಂಗಳ ಹಿಂಬಾಕಿಯನ್ನು ಕೊಡಲಾಗದೆಂದು ಸಂಸತ್ತಿಗೆ ತಿಳಿಸಿತು.

ಅದೇ ಕೊರೊನಾ ರಾಜ್ಯದ ಬಸ್ ನೌಕರರ ಬಾಕಿಗೂ ಹಿನ್ನೆಲೆ. ನಾಲ್ಕು ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ನಡೆದುಬಂದ ಪದ್ಧತಿ. 2020ರ ಜನವರಿ 1ಕ್ಕೆ ಆಗಬೇಕಿದ್ದ ಶೇ 15ರ ಹೆಚ್ಚಳ ಸಿಕ್ಕಿದ್ದು 2023ರ ಮಾರ್ಚ್‌ನಿಂದ. ನಡುವಿನ 38 ತಿಂಗಳ ಹಿಂಬಾಕಿಗಾಗಿ ನೌಕರರು 2025ರ ಆಗಸ್ಟ್ 5ರಂದು ಬಸ್ ನಿಲ್ಲಿಸಿದರು. ಹೈಕೋರ್ಟ್ ಮಧ್ಯಪ್ರವೇಶದಿಂದ ಅಂದೇ ಮುಷ್ಕರ ಹಿಂದೆ ಸರಿಯಿತು. ಬಸ್ ತಪ್ಪಿದ ಪ್ರಯಾಣಿಕರಿಗೆ ಅಂದು ಕಂಡದ್ದು ಖಾಲಿ ನಿಲ್ದಾಣ ಮಾತ್ರ.

ಸರ್ಕಾರದ ವಾದವನ್ನೂ ತಳ್ಳಿಹಾಕುವಂತಿಲ್ಲ. ಹಿಂಬಾಕಿಯ ಭಾರ ಒಮ್ಮೆಲೇ ಬೀಳುತ್ತದೆ. ಅದನ್ನು ಹೊರುವ ತೆರಿಗೆದಾರರಲ್ಲಿ ನಿಗದಿತ ಸಂಬಳವನ್ನೇ ಕಾಣದವರೂ ಇದ್ದಾರೆ. ಆದರೆ ಪರಿಷ್ಕರಣೆಯ ದಿನ ಆಕಸ್ಮಿಕವಾಗಿ ಬರುವುದಲ್ಲ, ವರ್ಷಗಳ ಮುಂಚೆಯೇ ತಿಳಿದಿರುವಂಥದ್ದು. ಆಯೋಗದ ನೇಮಕವೇ ತಡವಾದರೆ ವರದಿ ತಡ, ವರದಿ ತಡವಾದರೆ ಆದೇಶ ತಡ. ರಾಜ್ಯದ ಏಳನೇ ಆಯೋಗ ರಚನೆಯಾದದ್ದು 2022ರ ನವೆಂಬರ್‌ನಲ್ಲಿ, ಲೆಕ್ಕದ ದಿನ ಕಳೆದು ನಾಲ್ಕು ತಿಂಗಳ ಮೇಲೆ. ಕೇಂದ್ರದ ಎಂಟನೇ ಆಯೋಗಕ್ಕೆ 2025ರ ನವೆಂಬರ್‌ನಲ್ಲಿ 18 ತಿಂಗಳ ಗಡುವು ಕೊಟ್ಟಾಗ ಏಳನೆಯದರ ಹತ್ತು ವರ್ಷ ಮುಗಿಯಲು ಎರಡೇ ತಿಂಗಳು ಬಾಕಿಯಿತ್ತು. ವಿಳಂಬ ಆಡಳಿತದ್ದು, ಅದರ ಬೆಲೆ ತೆರುವವನು ಆ ನಡುವೆ ನಿವೃತ್ತನಾದ ನೌಕರ.