ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ ಪುಡಿ ವಿವರ್ತನೆ ಪ್ರಯೋಗ: ಅರ್ಜಿದಾರರಿಗೆ ಮಾಹಿತಿ

ನಲ್ಲೂರು ಸೇರಿದಂತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಸಾಗುವ ಎಲೆಕ್ಟ್ರಾನ್‌ಗಳನ್ನು ಅಯಸ್ಕಾಂತಗಳು ಬಾಗಿಸಿದಾಗ ಅವು ತೀವ್ರ ವಿಕಿರಣವನ್ನು ಹೊರಸೂಸುತ್ತವೆ. ಈ ತತ್ತ್ವದ ಮೇಲೆ ಕಾರ್ಯನಿರ್ವಹಿಸುವ ಇಂಡಸ್-2 ಯಂತ್ರವು ಇಂದೋರ್‌ನ ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರದಲ್ಲಿದೆ. ಕೇಂದ್ರಕ್ಕೆ 2005ರಲ್ಲಿ ಹೆಸರಿಡಲಾದ ವಿಜ್ಞಾನಿ ರಾಜಾ ರಾಮಣ್ಣನವರು ತುಮಕೂರು ಜಿಲ್ಲೆಯವರು. ಯಂತ್ರದ ವರ್ತುಲದ ಸುತ್ತಳತೆ ಸುಮಾರು 172 ಮೀಟರ್. ಎಲೆಕ್ಟ್ರಾನ್‌ಗಳ ಶಕ್ತಿ 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್. ಪುಡಿ ವಿವರ್ತನೆಗಾಗಿ ಇಲ್ಲಿ ಬಿಎಲ್-12 ಬೀಮ್‌ಲೈನ್ ಇರುತ್ತದೆ.

ಪ್ರಸ್ತಾವನೆಯನ್ನು ಕೇಂದ್ರದ ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ಸಾಮಾನ್ಯ ಕ್ಷ-ಕಿರಣ ಉಪಕರಣದಿಂದ ಏಕೆ ಉತ್ತರ ದೊರೆಯಲಿಲ್ಲ ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸುವುದು ಅತ್ಯಗತ್ಯ. ಒಂದರ ಮೇಲೊಂದು ಬೀಳುವ ಶಿಖರಗಳು, ಅತ್ಯಲ್ಪ ಪ್ರಮಾಣದ ಘಟಕ, ಬಿಸಿ ಮಾಡುವಾಗಿನ ಕ್ಷಿಪ್ರ ಬದಲಾವಣೆ ಇವು ಸೂಕ್ತ ಕಾರಣಗಳು. ಸಂಯುಕ್ತವನ್ನು ಗುರುತಿಸುವುದಷ್ಟೇ ಉದ್ದೇಶವಾಗಿದ್ದಲ್ಲಿ ಹತ್ತಿರದ ವಿಶ್ವವಿದ್ಯಾಲಯದ ಉಪಕರಣವೇ ಸಾಕಾಗಬಹುದು. ಪ್ರಸ್ತಾವನೆಗೆ ಅಂತಹ ಉಪಕರಣದಲ್ಲಿ ಪಡೆದ ನಕ್ಷೆಯನ್ನು ಲಗತ್ತಿಸುವುದು ಒಳಿತು.

ಶಕ್ತಿಯ ಆಯ್ಕೆಯಲ್ಲಿ ವಿಶೇಷ ಎಚ್ಚರಿಕೆ ಅವಶ್ಯ. ನಮ್ಮ ಭಾಗದ ಕೆಂಪು ಮಣ್ಣನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಕಬ್ಬಿಣಾಂಶವಿರುತ್ತದೆ. ಕ್ಷ-ಕಿರಣದ ಶಕ್ತಿ 7.112 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮೀರಿದೊಡನೆ ಕಬ್ಬಿಣವು ಅದನ್ನು ಹೀರಿಕೊಂಡು ತನ್ನದೇ ಕಿರಣವನ್ನು ಎಲ್ಲ ದಿಕ್ಕಿಗೂ ಸೂಸುತ್ತದೆ. ಇಮೇಜ್ ಪ್ಲೇಟ್ ಇವೆರಡನ್ನೂ ಬೇರ್ಪಡಿಸಲಾರದು. ಪರಿಣಾಮವಾಗಿ ಹಿನ್ನೆಲೆ ಏರಿ ದುರ್ಬಲ ಶಿಖರಗಳು ಮುಚ್ಚಿಹೋಗುತ್ತವೆ. ಆದುದರಿಂದ ಈ ಮಿತಿಗಿಂತ ಕೆಳಗಿನ ಅಥವಾ ಬಹಳಷ್ಟು ಮೇಲಿನ ಶಕ್ತಿಯನ್ನು ಕೋರತಕ್ಕದ್ದು. 15 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ತರಂಗದೂರ ಸುಮಾರು 0.827 ಆಂಗ್‌ಸ್ಟ್ರಾಮ್ ಆಗುತ್ತದೆ.

ಮಾದರಿಯನ್ನು ಹೊರಡುವ ಮುನ್ನವೇ ಸಿದ್ಧಪಡಿಸಿಕೊಳ್ಳುವುದು. ಪುಡಿಯನ್ನು ಕೆಲವೇ ಮೈಕ್ರೋಮೀಟರ್ ಗಾತ್ರಕ್ಕೆ ನುಣ್ಣಗೆ ಅರೆಯದಿದ್ದಲ್ಲಿ ವಿವರ್ತನೆಯ ಉಂಗುರಗಳು ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಸಿಂಕ್ರೊಟ್ರಾನ್ ಕಿರಣ ಬಹು ಕಿರಿದಾಗಿರುವುದರಿಂದ ಈ ದೋಷ ಇನ್ನೂ ಎದ್ದುಕಾಣುತ್ತದೆ. ಜೇಡಿಯ ಕಣಗಳು ಹಾಳೆಯಂತೆ ಒಂದೇ ದಿಕ್ಕಿಗೆ ಮಲಗುವ ಕಾರಣ ಅವುಗಳನ್ನು ತೆಳುವಾದ ಗಾಜಿನ ನಳಿಗೆಯಲ್ಲಿ ತುಂಬಿ ತಿರುಗಿಸುತ್ತಾ ಅಳೆಯುವುದು ಮೇಲು. ವಿಷಕಾರಿ ವಸ್ತುಗಳಿದ್ದಲ್ಲಿ ಅರ್ಜಿಯಲ್ಲೇ ಘೋಷಿಸತಕ್ಕದ್ದು.

ನಿಗದಿತ ದಿನ ಮೊದಲು ಲ್ಯಾಂಥನಮ್ ಹೆಕ್ಸಾಬೋರೈಡ್‌ನಂತಹ ಪ್ರಮಾಣಿತ ಪುಡಿಯನ್ನು ಅಳೆಯಬೇಕು. ತರಂಗದೂರ ಮತ್ತು ಮಾದರಿಯಿಂದ ಪ್ಲೇಟ್‌ಗಿರುವ ದೂರ ನಿಖರವಾಗಿ ತಿಳಿಯದ ಹೊರತು ಮುಂದಿನ ಯಾವ ಲೆಕ್ಕವೂ ನಿಲ್ಲದು. ಶಕ್ತಿಯನ್ನು ಬದಲಿಸಿದಾಗಲೆಲ್ಲ ಇದನ್ನು ಪುನಃ ಮಾಡುವುದು. ಬಳಿಕ ಅತಿ ಮುಖ್ಯ ಮಾದರಿಯನ್ನೇ ಮೊದಲು ಇಡಿ. ಕಿರಣ ನಡುವೆ ನಿಂತುಹೋದರೆ ಉಳಿದವು ಮುಂದಿನ ಅವಕಾಶಕ್ಕೆ ಕಾಯಬೇಕಾಗುತ್ತದೆ, ದಾವಣಗೆರೆಯಿಂದ ಇಂದೋರ್‌ಗೆ ಸಾವಿರ ಕಿಲೋಮೀಟರ್‌ಗೂ ಮಿಕ್ಕಿದ ಹಾದಿ. ಮೊದಲ ನಕ್ಷೆಯನ್ನು ಅಲ್ಲಿಯೇ ವಿಶ್ಲೇಷಿಸಿ ನೋಡಿದ ನಂತರವೇ ಎರಡನೆಯದನ್ನು ಆರಂಭಿಸುವುದು. ಖಾಲಿ ನಳಿಗೆಯ ನಕ್ಷೆಯನ್ನೂ ಪಡೆದುಕೊಳ್ಳತಕ್ಕದ್ದು. ಹಿನ್ನೆಲೆಯನ್ನು ಕಳೆಯಲು ಅದು ಬೇಕಾಗುತ್ತದೆ.

ಕೇಂದ್ರವು ಪರಮಾಣು ಶಕ್ತಿ ಇಲಾಖೆಯ ಅಧೀನದಲ್ಲಿರುವುದರಿಂದ ಪ್ರವೇಶಕ್ಕೆ ಪೂರ್ವಾನುಮತಿ ಅವಶ್ಯ. ಗುರುತಿನ ದಾಖಲೆಯ ಮೂಲಪ್ರತಿಯನ್ನು ಜೊತೆಯಲ್ಲಿ ಒಯ್ಯುವುದು.