ಅಂಗಡಿಗೆ ಸಾಫ್ಟ್‌ವೇರ್ ಹಾಕಿಸ್ತಿದ್ದೀರಾ? ಅಡ್ವಾನ್ಸ್ ಕೊಡೋ ಮೊದಲು ಒಂದು ಹಾಳೆ ತಗೊಂಡು ಕೂರಿ

ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿ, ಆರು ತಿಂಗಳಲ್ಲಿ ಅದನ್ನ ಮೂಲೆಗೆ ತಳ್ಳಿ, ಮತ್ತೆ ರಸೀದಿ ಪುಸ್ತಕಕ್ಕೇ ಬಂದ ಅಂಗಡಿಗಳು ಯಾವ ಪೇಟೆಯಲ್ಲಿ ಇಲ್ಲ ಹೇಳಿ? ಮಾಲೀಕರನ್ನು ಕೇಳಿದರೆ "ಸಾಫ್ಟ್‌ವೇರೇ ಸರಿ ಇಲ್ಲ" ಅಂತಾರೆ. ಮಾಡಿಕೊಟ್ಟವರನ್ನು ಕೇಳಿದರೆ "ಏನು ಬೇಕು ಅಂತ ಅವರೇ ಮೊದಲು ಸರಿಯಾಗಿ ಹೇಳಲಿಲ್ಲ" ಅಂತಾರೆ. ಬಹಳ ಸಲ ಇಬ್ಬರ ಮಾತೂ ನಿಜ. ಕಳೆದುಹೋಗೋದು ಮಾತ್ರ ಅಂಗಡಿಯವರ ದುಡ್ಡು.

ದೊಡ್ಡ ಕಂಪನಿಗಳಲ್ಲಿ ಈ ಜಗಳ ಬಾರದಂತೆ ನೋಡಿಕೊಳ್ಳಲಿಕ್ಕೆ ಅಂತಲೇ ಐಟಿ ಕನ್ಸಲ್ಟೆಂಟ್‌ಗಳು ಇರುತ್ತಾರೆ. ವ್ಯವಹಾರಕ್ಕೆ ನಿಜವಾಗಿ ಏನು ಬೇಕು ಅಂತ ಪತ್ತೆ ಹಚ್ಚಿ ಬರೆಯೋದು ಮತ್ತು ಬರೆದದ್ದು ಹೇಳಿದ ಹಣದಲ್ಲಿ, ಹೇಳಿದ ದಿನಕ್ಕೆ ಆಗೋ ಹಾಗೆ ನೋಡಿಕೊಳ್ಳೋದು ಅವರ ಕೆಲಸ. ಅವರ ಸಂಬಳ ನಮ್ಮ ಅಂಗಡಿಗಳಿಗೆ ಎಟುಕೋದಲ್ಲ. ಆದರೆ ಅವರು ಮಾಡೋ ವಿಧಾನವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು.

ಮೊದಲು ಕೇಳೋದು, ಆಮೇಲೆ ಕಂಪ್ಯೂಟರ್

ಒಳ್ಳೇ ಕನ್ಸಲ್ಟೆಂಟ್ ಬಂದ ತಕ್ಷಣ ಲ್ಯಾಪ್‌ಟಾಪ್ ತೆರೆಯೋದಿಲ್ಲ. ಒಂದೆರಡು ದಿನ ಸುಮ್ಮನೆ ನಿಂತು ನೋಡ್ತಾರೆ. ಸರಕು ಬಂದಾಗ ಎಣಿಸೋರು ಯಾರು? ಉದ್ರಿ ಬರೆಯೋದು ಎಲ್ಲಿ? ಮಾಲೀಕರು ಊಟಕ್ಕೆ ಹೋದಾಗ ಗಲ್ಲಾಪೆಟ್ಟಿಗೆ ಯಾರ ಕೈಲಿ? ಈಗ ಕೆಲಸ ಹೇಗೆ ನಡೀತಿದೆ ಅನ್ನೋದನ್ನು ಮೊದಲು ಬರೆದುಕೊಳ್ತಾರೆ.

ಆಮೇಲೆ "ಯಾಕೆ" ಅನ್ನೋ ಪ್ರಶ್ನೆ. ಒಂದು ಕಿರಾಣಿ ಅಂಗಡಿ ಅಂದುಕೊಳ್ಳಿ. ಮಾಲೀಕರು "ಬೇಗ ಬಿಲ್ ಆಗಬೇಕು" ಅಂತಾರೆ. ಯಾಕೆ? ಸಂಜೆ ಗಿರಾಕಿಗಳು ಕಾದು ಕಾದು ಹೋಗ್ತಾರೆ. ಯಾಕೆ ಕಾಯ್ತಾರೆ? ಬೇಳೆ, ಬೆಲ್ಲ, ರವೆಯಂಥ ತೂಕದ ಸಾಮಾನಿಗೆ ಬಾರ್‌ಕೋಡ್ ಇಲ್ಲ, ಕೆಲಸದ ಹುಡುಗ ಪ್ರತಿ ಸಲ ಮಾಲೀಕರನ್ನೇ ರೇಟು ಕೇಳಬೇಕು. ಈಗ ಗೊತ್ತಾಯ್ತಲ್ಲ, ತೊಂದರೆ ಇರೋದು ಬಿಲ್ ಹಾಕೋ ವೇಗದಲ್ಲಿ ಅಲ್ಲ, ರೇಟ್ ಪಟ್ಟಿ ಮಾಲೀಕರ ತಲೆಯಲ್ಲೇ ಇರೋದರಲ್ಲಿ. ಇದು ಗೊತ್ತಾಗದೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ತಂದರೂ ಸಾಲು ಕರಗೋದಿಲ್ಲ.

ಪಹಣಿ ಕಲಿಸಿದ ಪಾಠ

ಇದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ, 'ಭೂಮಿ' ಯೋಜನೆ. ಪಹಣಿಯನ್ನು ಕಂಪ್ಯೂಟರ್‌ಗೆ ಹಾಕೋ ಪ್ರಯತ್ನ ಶುರುವಾಗಿದ್ದು 1991ರಲ್ಲಿ, ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ. ಅದು ಫಲ ಕೊಡಲಿಲ್ಲ. ಒಂದು ಮುಖ್ಯ ಕಾರಣ ಏನು ಗೊತ್ತಾ? ಪಹಣಿ ಬದಲಾವಣೆ ನಡೆಯೋದು ತಾಲ್ಲೂಕು ಮಟ್ಟದಲ್ಲಿ, ಆದರೆ ಅಲ್ಲಿ ಕಂಪ್ಯೂಟರ್ ಇಡೋ ವ್ಯವಸ್ಥೆಯೇ ಆ ಯೋಜನೆಯಲ್ಲಿ ಇರಲಿಲ್ಲ. ಖಾತೆ ಬದಲಾಗ್ತಾ ಹೋಯ್ತು, ಕಂಪ್ಯೂಟರ್‌ನಲ್ಲಿದ್ದ ಮಾಹಿತಿ ಹಳತಾಗ್ತಾ ಹೋಯ್ತು.

2000ದ ಹೊತ್ತಿಗೆ ಬಂದ 'ಭೂಮಿ' ಇದನ್ನು ತಿದ್ದಿಕೊಂಡಿತು. ಕಂದಾಯ ಇಲಾಖೆ ಕಂಪ್ಯೂಟರನ್ನು ತಾಲ್ಲೂಕು ಕಚೇರಿಗೇ ತಂದಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಏರಿದವು. 15 ರೂಪಾಯಿಗೆ ಕಿಟಕಿಯಲ್ಲಿ ಪಹಣಿ ಸಿಗೋ ಹಾಗಾಯ್ತು. "ಯಾರದೋ ಅರ್ಜಿ ಮುಂದೆ, ನಮ್ಮದು ಹಿಂದೆ" ಅನ್ನೋ ದೂರಿಗೆ ಮೊದಲು ಬಂದ ಅರ್ಜಿಗೇ ಮೊದಲ ಸರದಿ ಅನ್ನೋ ನಿಯಮವನ್ನು ಸಾಫ್ಟ್‌ವೇರ್ ಒಳಗೇ ಕೂರಿಸಿದರು. ಯಾರು ತಿದ್ದಿದರು ಅನ್ನೋದು ಗೊತ್ತಾಗಲಿ ಅಂತ ಸಿಬ್ಬಂದಿಗೆ ಬೆರಳಚ್ಚಿನ ಲಾಗಿನ್ ಇಟ್ಟರು. ಕೈಬರಹದ ಪಹಣಿ ನಿಲ್ಲಿಸಿದರು, ಇಲ್ಲದಿದ್ದರೆ ಎರಡೂ ಓಡ್ತಾ ಯಾವುದು ನಿಜ ಅನ್ನೋ ಗೊಂದಲ ಉಳೀತಿತ್ತು.

ಎಲ್ಲಾ ಸರಿಹೋಯ್ತಾ? ಇಲ್ಲ. ಹಳೇ ಪುಸ್ತಕದಿಂದ ಏರಿಸುವಾಗ ಹೆಸರು, ವಿಸ್ತೀರ್ಣ ತಪ್ಪಾಗಿ ನಮೂದಾದ ಪಹಣಿಗಳ ತಿದ್ದುಪಡಿಗೆ ಇವತ್ತಿಗೂ ಅರ್ಜಿ ಹಿಡಿದು ಅಲೆಯೋರಿದ್ದಾರೆ. ಇಲ್ಲಿ ಎರಡು ಪಾಠ ಇದೆ. ಕೆಲಸ ಎಲ್ಲಿ ನಡೆಯುತ್ತೋ ಕಂಪ್ಯೂಟರ್ ಅಲ್ಲೇ ಇರಬೇಕು. ಹಳೇ ಮಾಹಿತಿ ಸಾಗಿಸೋದನ್ನು ಸಣ್ಣ ಕೆಲಸ ಅಂದುಕೊಳ್ಳಬಾರದು.

ಬೇಕೇ ಬೇಕು, ಇದ್ದರೆ ಒಳ್ಳೇದು, ಈಗ ಬೇಡ

ಬೇಕಾದ್ದನ್ನೆಲ್ಲ ಬರೆದ ಮೇಲೆ ಕನ್ಸಲ್ಟೆಂಟ್‌ಗಳು ಅದನ್ನು ಹೀಗೆ ಮೂರು ಪಾಲು ಮಾಡ್ತಾರೆ. ಬಿಲ್, ಸ್ಟಾಕ್, ಉದ್ರಿ ಲೆಕ್ಕ ಮೊದಲ ಪಾಲಿಗೆ. ಗಿರಾಕಿ ಮೊಬೈಲ್‌ಗೆ ಬಿಲ್ ಕಳಿಸೋದು ಎರಡನೇದಕ್ಕೆ. ಸ್ವಂತ ಆ್ಯಪ್ ಬಹುಶಃ ಮೂರನೇದಕ್ಕೆ. ಎಲ್ಲವೂ "ಬೇಕೇ ಬೇಕು" ಅಂದರೆ ಖರ್ಚೂ ಏರುತ್ತೆ, ದಿನವೂ ಮುಂದಕ್ಕೆ ಹೋಗುತ್ತೆ.

ಇನ್ನೊಂದು ಮಾತು. ಬರೆದ ಬೇಡಿಕೆಯನ್ನು ಪರೀಕ್ಷೆ ಮಾಡೋಕೆ ಆಗಬೇಕು. "ಸಾಫ್ಟ್‌ವೇರ್ ಚೆನ್ನಾಗಿರಬೇಕು" ಅಂತ ಬರೆದರೆ ನಾಳೆ ಜಗಳ ಗ್ಯಾರಂಟಿ. "ಕರೆಂಟ್ ಹೋದರೆ ಅರ್ಧ ಹಾಕಿದ ಬಿಲ್ ಕಳೆದುಹೋಗಬಾರದು", "ಇಂಟರ್‌ನೆಟ್ ಇಲ್ಲದಿದ್ದರೂ ಬಿಲ್ ಆಗಬೇಕು", "ಉದ್ರಿ ಪಟ್ಟಿ ಕನ್ನಡದಲ್ಲಿ ಪ್ರಿಂಟ್ ಬರಬೇಕು" ಅಂತ ಬರೆಯಿರಿ. ಆಯ್ತೋ ಇಲ್ಲವೋ ಅಂತ ಎದುರಿಗೇ ನೋಡಿಬಿಡಬಹುದು.

ಜಿಎಸ್‌ಟಿ ವಿಚಾರವನ್ನಂತೂ ಬಿಡಲೇಬೇಡಿ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು, ತುಪ್ಪದ್ದು ಶೇ 12ರಿಂದ 5ಕ್ಕೆ. ತೆರಿಗೆ ದರವನ್ನು ನಾವೇ ದಿನಾಂಕ ಹಾಕಿ ಬದಲಿಸೋ ಹಾಗಿದ್ದರೆ ಇಂಥ ದಿನ ಒಂದು ಗಂಟೆಯ ಕೆಲಸ. ಇಲ್ಲದಿದ್ದರೆ ಸಾಫ್ಟ್‌ವೇರ್‌ನವರು ಬರೋವರೆಗೂ ಅಂಗಡಿ ನಿಂತುಹೋಗುತ್ತೆ. ಹಳೇ ಬಿಲ್ ತೆಗೆದು ನೋಡಿದಾಗ ಹಳೇ ದರವೇ ಕಾಣಬೇಕು, ಅದೂ ಪಟ್ಟಿಯಲ್ಲಿರಲಿ. ಕಾಂಪೊಸಿಷನ್ ಸ್ಕೀಮಿನಲ್ಲಿರೋರು ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ, 'ಬಿಲ್ ಆಫ್ ಸಪ್ಲೈ' ಕೊಡಬೇಕು. ನೀವು ಯಾವುದರಲ್ಲಿದ್ದೀರಿ ಅನ್ನೋದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

"ಇದೊಂದು ಸೇರಿಸಿಬಿಡಿ"

ಪ್ರಾಜೆಕ್ಟ್‌ಗಳು ಹಾದಿ ತಪ್ಪೋದು ಈ ಮಾತಿನಿಂದ. ಕೆಲಸ ಅರ್ಧ ಆದಾಗ "ಹೆಂಗಿದ್ರೂ ಮಾಡ್ತಿದ್ದೀರಲ್ಲ, ಇದೊಂದು ಸೇರಿಸಿಬಿಡಿ" ಅಂತೀವಿ. ಮಾಡೋರೂ ಸಂಕೋಚಕ್ಕೆ ಹೂಂ ಅಂತಾರೆ. ಇಂಥ ಹತ್ತು ಸೇರಿದರೆ ದೀಪಾವಳಿಗೆ ಆಗಬೇಕಿದ್ದ ಕೆಲಸ ಯುಗಾದಿಗೂ ಮುಗಿಯೋದಿಲ್ಲ.

ಕನ್ಸಲ್ಟೆಂಟ್‌ಗಳು ಬೇಡ ಅನ್ನೋದಿಲ್ಲ, ಬರೆದು ಕೊಡಿ ಅಂತಾರೆ. ಹೊಸದಾಗಿ ಏನು ಬೇಕು, ಅದಕ್ಕೆ ಎಷ್ಟು ಹಣ, ಎಷ್ಟು ದಿನ ಜಾಸ್ತಿ ಅಂತ ಬರೆದು ಇಬ್ಬರೂ ಸಹಿ ಹಾಕಿದ ಮೇಲೇ ಕೈ ಹಾಕೋದು. ಬರೆಯೋಕೆ ಕೂತಾಗ ಅರ್ಧಕ್ಕರ್ಧ ಬೇಡಿಕೆಗಳು ತಾವಾಗೇ ಬಿದ್ದುಹೋಗುತ್ತವೆ.

ನಿಮ್ಮ ಕಡೆಯಿಂದಲೂ ತೀರ್ಮಾನ ಹೇಳೋರು ಒಬ್ಬರೇ ಇರಲಿ. ಅಪ್ಪ ಒಂದು, ಮಗ ಇನ್ನೊಂದು, ಲೆಕ್ಕ ಬರೆಯೋರು ಮತ್ತೊಂದು ಹೇಳಿದರೆ ಮಾಡೋರು ಯಾರ ಮಾತು ಕೇಳಬೇಕು?

ಹಣ ಕಂತಿನಲ್ಲಿ, ಪರೀಕ್ಷೆ ನಿಮ್ಮ ಕೈಯಲ್ಲಿ

ಪೂರ್ತಿ ಹಣ ಮೊದಲೇ ಕೊಡಬೇಡಿ. ಕ್ಯಾಲೆಂಡರ್ ನೋಡಿ ಕಂತು ಕಟ್ಟೋದೂ ಬೇಡ, ಮುಗಿದ ಕೆಲಸಕ್ಕೆ ಕಂತು ಕಟ್ಟಿ. ಅಡ್ವಾನ್ಸ್ ಒಂದು ಪಾಲು, ಬಿಲ್ಲಿಂಗ್ ಸರಿಯಾಗಿ ಓಡಿದಾಗ ಒಂದು ಪಾಲು, ಸ್ಟಾಕ್ ಲೆಕ್ಕ ಸರಿ ಬಂದಾಗ ಒಂದು ಪಾಲು. ಕೊನೇ ಕಂತು ಒಂದು ತಿಂಗಳು ನೆಮ್ಮದಿಯಾಗಿ ಬಳಸಿದ ಮೇಲೆ. ಮಾಡೋರಿಗೂ ಇದು ಒಳ್ಳೇದೇ, ಕೆಲಸ ಮುಗಿಸಿದರೆ ಹಣ ಖಾತ್ರಿ.

ಪರೀಕ್ಷೆಯನ್ನು ಸಾಫ್ಟ್‌ವೇರ್ ಮಾಡಿದವರಿಗೇ ಬಿಡಬೇಡಿ. ದಿನಾ ಬಿಲ್ ಹಾಕೋ ಹುಡುಗನೇ ಕೂತು ಹಾಕಲಿ. ನಿನ್ನೆಯ ರಸೀದಿ ಪುಸ್ತಕದಿಂದ ನಿಜವಾದ 50 ಬಿಲ್ ತೆಗೆದು ಕೊಡಿ. ಸರಕು ವಾಪಸ್ ಬಂದದ್ದು, ಅರ್ಧ ನಗದು ಅರ್ಧ ಫೋನ್‌ಪೇ ಕೊಟ್ಟದ್ದು, ಹಳೇ ಬಾಕಿ ಸೇರಿಸಿ ಕೊಟ್ಟದ್ದು ಎಲ್ಲಾ ಅದರಲ್ಲಿರಲಿ. ಹಳೇ ಉದ್ರಿ ಲೆಕ್ಕ ಏರಿಸಿದ ಮೇಲೆ ಒಟ್ಟು ಮೊತ್ತ ಪುಸ್ತಕದ ಮೊತ್ತಕ್ಕೆ ಪೈಸೆ ಪೈಸೆ ತಾಳೆಯಾಗಬೇಕು. ಒಬ್ಬ ಗಿರಾಕಿಯ ಬಾಕಿ ತಪ್ಪಾಗಿ ಕಂಡರೆ ಹೋಗೋದು ಸಾವಿರ ರೂಪಾಯಿ ಅಲ್ಲ, ಇಪ್ಪತ್ತು ವರ್ಷದ ನಂಬಿಕೆ.

ಮೊದಲ ಒಂದೆರಡು ವಾರ ಪುಸ್ತಕ, ಕಂಪ್ಯೂಟರ್ ಎರಡೂ ಓಡಲಿ. ಆದರೆ ಪುಸ್ತಕ ನಿಲ್ಲಿಸೋ ತಾರೀಖು ಮೊದಲೇ ಗೊತ್ತು ಮಾಡಿ. ಹಬ್ಬದ ವಾರ, ಸಂತೆ ದಿನ ಹೊಸದನ್ನು ಶುರು ಮಾಡಬೇಡಿ.

ಹಾಳೆಯಲ್ಲಿ ಇರಬೇಕಾದ್ದು ಇಷ್ಟು

1. ಈಗ ಆಗ್ತಿರೋ ತೊಂದರೆ ಏನು, ಎರಡು ಮೂರು ಸಾಲಿನಲ್ಲಿ.
2. ಬೇಕೇ ಬೇಕಾದ್ದು, ಇದ್ದರೆ ಒಳ್ಳೇದು, ಈಗ ಬೇಡದ್ದು, ಮೂರು ಪಟ್ಟಿ.
3. ಜಿಎಸ್‌ಟಿ ನೋಂದಣಿ ಯಾವ ರೀತಿಯದು.
4. ಯಾವ ಕೆಲಸ ಯಾವ ದಿನಕ್ಕೆ, ಯಾವ ಕಂತು ಯಾವಾಗ.
5. ಎರಡೂ ಕಡೆ ತೀರ್ಮಾನ ಹೇಳೋರು ಯಾರು.
6. ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಬಂದು ನೋಡ್ತಾರೆ, ವರ್ಷಕ್ಕೆ ಎಷ್ಟು ಹಣ.
7. ಬ್ಯಾಕಪ್ ಎಲ್ಲಿರುತ್ತೆ, ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋದರೆ ನಮ್ಮ ಲೆಕ್ಕ ಪೂರ್ತಿ ಎಕ್ಸೆಲ್‌ನಲ್ಲಿ ಕೊಡ್ತಾರಾ.

ಏಳನೇದನ್ನು ಬಹಳ ಜನ ಮರೀತಾರೆ. ಲೆಕ್ಕ ನಿಮ್ಮದು, ಅದು ನಿಮ್ಮ ಕೈಗೆ ಬರಲೇಬೇಕು. ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಮನೆ ಕಟ್ಟೋ ಮೊದಲು ಮೇಸ್ತ್ರಿ ಜೊತೆ ಕೂತು ಪ್ಲ್ಯಾನ್ ಹಾಕಿಸೋರು ನಾವು. ಇದಕ್ಕೂ ಅಷ್ಟೇ ತಾಳ್ಮೆ ಇರಲಿ.