ಶಿಕ್ಷಣ ಸಂಸ್ಥೆಗಳ ಆವರಣದಲ್ಲಿ ವಿದ್ಯುತ್ ವಾಹನಗಳ ಬಳಕೆ: ಅರ್ಜಿದಾರರಿಗೆ ಮಾಹಿತಿ

ವಿಶ್ವವಿದ್ಯಾಲಯಗಳ ಆವರಣದೊಳಗಿನ ಸಂಚಾರವು ಕಡಿಮೆ ದೂರದ್ದು, ನಿಗದಿತ ಮಾರ್ಗದ್ದು ಹಾಗೂ ಪದೇ ಪದೇ ನಿಲ್ಲುವಂತಹುದು. ಡೀಸೆಲ್ ವಾಹನಗಳು ಹೆಚ್ಚು ಇಂಧನ ವ್ಯಯಿಸುವುದೂ ಇಂತಹ ಸಂಚಾರದಲ್ಲಿಯೇ. ಆದ್ದರಿಂದ ಮೊದಲ ಹಂತದಲ್ಲಿ ಬದಲಾಯಿಸಲು ಈ ವಾಹನಗಳೇ ಸೂಕ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 400 ಎಕರೆ ಆವರಣದಲ್ಲಿ ಇಂತಹ ವಿದ್ಯುತ್ ವಾಹನಗಳು ಬಳಕೆಗೆ ಬಂದಿವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಸಾಗರ ತಾಲ್ಲೂಕು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳಂತಹ ವಿಶಾಲ ಆವರಣಗಳಿಗೂ ಈ ಕ್ರಮ ಅನ್ವಯಿಸಬಹುದಾಗಿದೆ. ಮೇಗರವಳ್ಳಿ, ಆಗುಂಬೆ ಮುಂತಾದ ದೂರದ, ಏರಿಳಿತದ ಮಾರ್ಗಗಳ ಬಸ್ಸುಗಳನ್ನು ನಂತರದ ಹಂತದಲ್ಲಿ ಪರಿಗಣಿಸುವುದು ಸೂಕ್ತ.

ಮಾಲಿನ್ಯ ಎಷ್ಟು ತಗ್ಗುತ್ತದೆ?

ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.68 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಉದಾಹರಣೆಗೆ, ದಿನಕ್ಕೆ 60 ಕಿ.ಮೀ. ಓಡುವ ಕಾರು 4 ಲೀಟರ್ ಡೀಸೆಲ್ ಬಳಸಿದಲ್ಲಿ 10.7 ಕಿ.ಗ್ರಾಂ. ಆಗುತ್ತದೆ. ಅಷ್ಟೇ ದೂರಕ್ಕೆ ವಿದ್ಯುತ್ ಕಾರು 9 ಯೂನಿಟ್ ಬಳಸಿದಲ್ಲಿ, ದೇಶದ ಸರಾಸರಿಯಾದ ಯೂನಿಟ್‌ಗೆ ಸುಮಾರು 0.7 ಕಿ.ಗ್ರಾಂ.ನಂತೆ 6.3 ಕಿ.ಗ್ರಾಂ. ಆಗುತ್ತದೆ. ಅಂದರೆ ಶೇ. 40ರಷ್ಟು ಇಳಿಕೆ.

ಶರಾವತಿಯ ಜಲವಿದ್ಯುತ್ ಜಿಲ್ಲೆಯಲ್ಲಿಯೇ ಉತ್ಪಾದನೆಯಾಗುವುದರಿಂದ ಇಲ್ಲಿ ಮಾಲಿನ್ಯವೇ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಆ ವಿದ್ಯುತ್ ಸಹ ಉಷ್ಣ ವಿದ್ಯುತ್ತಿನೊಡನೆ ಒಂದೇ ಜಾಲವನ್ನು ಸೇರುತ್ತದೆ. ಆವರಣದ ಚಾವಣಿಗಳ ಮೇಲೆ ಸೌರಫಲಕ ಅಳವಡಿಸಿ ಹಗಲಿನಲ್ಲಿ ಚಾರ್ಜ್ ಮಾಡಿದಲ್ಲಿ ಇಳಿಕೆ ಇನ್ನೂ ಹೆಚ್ಚುತ್ತದೆ.

ನೋಂದಣಿ ಅಗತ್ಯವೇ?

1. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 2(28)ರಂತೆ, ಆವೃತ ಆವರಣದಲ್ಲಿ ಮಾತ್ರ ಬಳಸಲು ರೂಪಿಸಲಾದ ವಿಶೇಷ ಬಗೆಯ ವಾಹನವು 'ಮೋಟಾರು ವಾಹನ'ದ ವ್ಯಾಖ್ಯೆಗೆ ಒಳಪಡುವುದಿಲ್ಲ.

2. ಸಾಮಾನ್ಯ ಕಾರು, ಬಸ್ಸುಗಳಿಗೆ ಈ ವಿನಾಯಿತಿ ಇಲ್ಲ. ಸಾರ್ವಜನಿಕ ರಸ್ತೆಗೆ ಬರುವ ವಾಹನಕ್ಕೆ ನೋಂದಣಿ, ವಿಮೆ ಹಾಗೂ ಚಾಲನಾ ಅನುಜ್ಞಾಪತ್ರ ಕಡ್ಡಾಯ. ನೋಂದಣಿ, ವಿಮೆ ಇಲ್ಲದ ವಾಹನ ಗೇಟಿನಾಚೆ ಅಪಘಾತಕ್ಕೀಡಾದಲ್ಲಿ ಪರಿಹಾರದ ಹೊಣೆ ಸಂಸ್ಥೆಯ ಮೇಲೆಯೇ ಬೀಳುತ್ತದೆ. ಗಾಯಗೊಂಡ ವಿದ್ಯಾರ್ಥಿಗೆ ವಿಮಾ ರಕ್ಷಣೆ ದೊರೆಯುವುದಿಲ್ಲ.

3. ನೋಂದಣಿಗೆ ನಮೂನೆ 20ರಲ್ಲಿ ಅರ್ಜಿ, ನಮೂನೆ 21ರ ಮಾರಾಟ ಪತ್ರ, ನಮೂನೆ 22 ಹಾಗೂ ವಿಮಾ ಪತ್ರ ಸಲ್ಲಿಸತಕ್ಕದ್ದು.

4. ಬ್ಯಾಟರಿ ಚಾಲಿತ ವಾಹನಗಳ ನೋಂದಣಿ ಪ್ರಮಾಣಪತ್ರಕ್ಕೆ ಶುಲ್ಕ ವಿನಾಯಿತಿಯನ್ನು 2021ರಲ್ಲಿ, ಬ್ಯಾಟರಿ ಚಾಲಿತ ಸಾರಿಗೆ ವಾಹನಗಳಿಗೆ ರಹದಾರಿಯಿಂದ ವಿನಾಯಿತಿಯನ್ನು 2018ರಲ್ಲಿ ಕೇಂದ್ರ ಸರ್ಕಾರ ನೀಡಿತು.

ಚಾರ್ಜಿಂಗ್ ವ್ಯವಸ್ಥೆ

ಶಿವಮೊಗ್ಗ ಜಿಲ್ಲೆಯ ಸಂಸ್ಥೆಗಳು ಚಾರ್ಜಿಂಗ್ ಸಂಪರ್ಕಕ್ಕಾಗಿ ಮೆಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಆಗುಂಬೆ ಸೀಮೆಯಲ್ಲಿ ವಾರ್ಷಿಕ ಮಳೆ 7,000 ಮಿ.ಮೀ. ಮೀರುವುದರಿಂದ, ಮಲೆನಾಡಿನಲ್ಲಿ ಚಾರ್ಜಿಂಗ್ ಸ್ಥಳವು ಎತ್ತರದಲ್ಲಿದ್ದು, ಮೇಲ್ಚಾವಣಿ ಹಾಗೂ ಭೂಸಂಪರ್ಕ ಹೊಂದಿರುವುದು ಅವಶ್ಯ.

ವಾಹನ ಖರೀದಿಗೆ ಮುನ್ನ, ಅದು ಗೇಟಿನೊಳಗೆ ಮಾತ್ರ ಓಡುವುದೇ ಅಥವಾ ಹೊರಗೂ ಹೋಗುವುದೇ ಎಂಬುದನ್ನು ಸಂಸ್ಥೆಯು ಲಿಖಿತವಾಗಿ ತೀರ್ಮಾನಿಸಿಕೊಂಡು, ತನ್ನ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸುವುದು.